ಏಳನೆಯ ಕಾಳು

ಐದು ಜನ ಒಂದು ಸಾಲಿನಲ್ಲಿ ಊಟಕ್ಕೆ ಕೂರಬೇಕು. ಅವರ ಹೆಸರು ಪಿ, ಕ್ಯೂ, ಆರ್, ಎಸ್, ಟಿ. ಪಿ ಕೂರುವುದು ಎಡತುದಿಯಲ್ಲಿ. ಕ್ಯೂ ಮತ್ತು ಆರ್ ಅಕ್ಕಪಕ್ಕವೇ ಇರಬೇಕು. ಎಸ್ ಮತ್ತು ಟಿ ಅಕ್ಕಪಕ್ಕ ಇರಬಾರದು. ಹಾಗಾದರೆ ಈ ಐವರನ್ನು ಎಷ್ಟು ರೀತಿಯಲ್ಲಿ ಕೂರಿಸಬಹುದು?

ಬೇಲೂರಿನಲ್ಲಿ ಎರಡನೇ ಪಿಯುಸಿ ಓದುತ್ತಿದ್ದ ವರ್ಷ ನನ್ನ ತಲೆಯಲ್ಲಿ ಇಂಥವೇ ತುಂಬಿಕೊಂಡಿದ್ದವು. ಹೊಸ ಶತಮಾನ ಶುರುವಾಗಿ ಒಂದೆರಡು ವರ್ಷ ಆಗಿತ್ತು. ಪಿಯುಸಿ ಮುಗಿಸಿದವರು ನೇರವಾಗಿ ಐದು ವರ್ಷ ಕಾನೂನು ಓದಬಹುದು, ಅದಕ್ಕೆ ಬೆಂಗಳೂರಿನಲ್ಲಿ ಒಂದು ಪ್ರವೇಶ ಪರೀಕ್ಷೆ ಬರೆಯಬೇಕು ಎಂದು ತಿಳಿದ ದಿನವೇ ನಾನು ತೀರ್ಮಾನ ಮಾಡಿಬಿಟ್ಟಿದ್ದೆ. ನಮ್ಮ ಮನೆಯಲ್ಲಿ ಹೆಣ್ಣುಮಕ್ಕಳು ತೀರ್ಮಾನ ಮಾಡುವ ಪದ್ಧತಿ ಇರಲಿಲ್ಲ. ಹಾಗಾಗಿ ಎಲ್ಲರೂ ಅದನ್ನು ಹಠ ಎಂದು ಕರೆದರು. ಇರಲಿ, ಹಠವೇ.

ನಮ್ಮದು ಕೂಡುಕುಟುಂಬ. ಯಜಮಾನ ದೊಡ್ಡಪ್ಪ. ತಾಲ್ಲೂಕು ಕಚೇರಿಯಲ್ಲಿ ಶಿರಸ್ತೇದಾರರಾಗಿ ನಿವೃತ್ತರಾಗಿದ್ದರು, ಆದರೆ ಕಚೇರಿ ಅವರನ್ನು ಬಿಟ್ಟಿತ್ತೇ ಹೊರತು ಅವರು ಕಚೇರಿಯನ್ನು ಬಿಟ್ಟಿರಲಿಲ್ಲ. ಸಿನಿಮಾಕ್ಕೆ ಹೋಗಬೇಕೆಂದರೂ ಅವರ ಕುರ್ಚಿಯ ಮುಂದೆ ನಿಂತು ಅರಿಕೆ ಮಾಡಿಕೊಳ್ಳಬೇಕು, ಅವರು ಪೇಪರಿನ ಪುಟ ತಿರುವಿ 'ಹೂಂ, ನೋಡೋಣ' ಅನ್ನಬೇಕು, ಅಷ್ಟರಲ್ಲಿ ಸಿನಿಮಾ ಬದಲಾಗಿರುತ್ತಿತ್ತು. ನಮ್ಮಪ್ಪ ಅವರ ಒಬ್ಬನೇ ತಮ್ಮ, ಹಳೇಬೀಡಿನ ಹೈಸ್ಕೂಲಿನಲ್ಲಿ ಮೇಷ್ಟ್ರು. ಅಣ್ಣನ ಎದುರು ನಿಂತು ಮಾತಾಡಿದವರಲ್ಲ. ಏನು ಕೇಳಿದರೂ ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಉತ್ತರ. ಆದರೂ ಆ ಪರೀಕ್ಷೆಯ ಅರ್ಜಿಗೆ ಸಹಿ ಹಾಕಿದ್ದು ಅಪ್ಪನೇ. ಅವರ ಶಾಲೆಯ ಇಂಗ್ಲಿಷ್ ಮೇಷ್ಟ್ರು, ಹುಲಿಕೆರೆಯವರು, ತಮ್ಮ ಮಗಳು ಓದಿ ಬಿಟ್ಟಿದ್ದ ದಪ್ಪ ಗೈಡನ್ನು ಪೇಪರಿನಲ್ಲಿ ಸುತ್ತಿ ಕೊಟ್ಟಿದ್ದರು. ಅದನ್ನು ಊಟದ ಡಬ್ಬಿಯ ಕೆಳಗಿಟ್ಟು ಬ್ಯಾಗಿನಲ್ಲಿ ತಂದು, ಯಾರೂ ಇಲ್ಲದ ಹೊತ್ತು ನೋಡಿ ನನ್ನ ಕೈಗೆ ಹಾಕಿದವರೂ ಅಪ್ಪನೇ.

ಇಂಗ್ಲಿಷು, ಸಾಮಾನ್ಯ ಜ್ಞಾನ ಹೇಗೋ ಉರುಹೊಡೆಯಬಹುದಿತ್ತು. ಈ ಕೂರಿಸುವ, ನಿಲ್ಲಿಸುವ ಪ್ರಶ್ನೆಗಳು ಮಾತ್ರ ನನ್ನ ಜೀವ ತಿಂದವು. ಒಂದು ಪ್ರಶ್ನೆಗೆ ಒಂದೂವರೆ ನಿಮಿಷ ಅಂತ ಗೈಡಿನಲ್ಲಿ ಬರೆದಿತ್ತು. ನನಗೆ ಇಪ್ಪತ್ತು ನಿಮಿಷ ಹಿಡಿಯುತ್ತಿತ್ತು, ಉತ್ತರವೂ ತಪ್ಪು. ಒಂದು ಮಧ್ಯಾಹ್ನ ಅಡಿಗೆಮನೆಯ ಹೊಸಿಲ ಮೇಲೆ ಕೂತು ಪುಸ್ತಕ ಎತ್ತಿ ಎಸೆದೆ. ಅದು ಹೋಗಿ ಬಿದ್ದದ್ದು ಕಾಳು ಆರಿಸುತ್ತಿದ್ದ ಅತ್ತೆಯ ಮೊರದ ಪಕ್ಕ.

ಅತ್ತೆ ಎಂದರೆ ಅಪ್ಪನ ಅಕ್ಕ, ದೊಡ್ಡಪ್ಪನ ತಂಗಿ. ಇಪ್ಪತ್ಮೂರಕ್ಕೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದವರು. ನಾನು ಹುಟ್ಟುವ ಮೊದಲಿಂದಲೂ ಆ ಅಡಿಗೆಮನೆ ಅವರದೇ. ಎಂಟನೇ ಕ್ಲಾಸಿಗೆ ಸ್ಕೂಲು ಬಿಡಿಸಿದ್ದರಂತೆ. ಅತ್ತೆಯ ನಾಲಿಗೆ ಚುರುಕು, ಕೋಪ ಮೂಗಿನ ತುದಿಯಲ್ಲೇ ಇರುತ್ತಿತ್ತು. ಆದರೆ ಅದು ನಡೆಯುತ್ತಿದ್ದದ್ದು ಹೆಂಗಸರು ಮಕ್ಕಳ ಮುಂದೆ ಮಾತ್ರ. ದೊಡ್ಡಪ್ಪ ಕೂರುವ ನಡುಮನೆಗೆ ಅವರು ಕೆಲಸವಿಲ್ಲದೆ ಕಾಲಿಡುತ್ತಿರಲಿಲ್ಲ.

"ಏನೇ ಅದು, ಪುಸ್ತಕ ಎಸೀತಾರೇನೇ?" ಎಂದು ಬೈದು, "ಏನಂತೆ, ಓದು" ಅಂದರು. ನಾನು ಮೇಲಿನ ಆ ಐದು ಜನರ ಪ್ರಶ್ನೆಯನ್ನೇ ಕನ್ನಡದಲ್ಲಿ ಓದಿ ಹೇಳಿದೆ.

"ಪಿ ಅಂದ್ರೆ ಯಾರೇ?"

"ಯಾರೂ ಅಲ್ಲ ಅತ್ತೆ. ಬರೀ ಪಿ."

"ಯಾರೂ ಅಲ್ಲದೋರಿಗೆ ಎಲೆ ಹಾಕೋದು ಹೇಗೆ? ಪಿ ಎಡತುದೀಲಿ ಅಂದ್ರೆ ಮನೆ ಯಜಮಾನ, ಆಯ್ತಾ? ಕ್ಯೂ, ಆರ್ ಜೊತೆಗೇ ಕೂರ್ತಾರೆ ಅಂದ್ರೆ ಅವನ ಇಬ್ಬರು ಗಂಡುಮಕ್ಕಳು. ಕ್ಯೂ ದೊಡ್ಡೋನು, ಮದುವೆಯಾಗಿದೆ. ಎಸ್ಸು, ಟೀ ಪಕ್ಕ ಕೂರೋದಿಲ್ಲ ಅಂದ್ರೆ ಮಾತು ಬಿಟ್ಟಿದ್ದಾರೆ. ಮಗಳು, ಸೊಸೆ! ಎಸ್ಸು ಮಗಳು, ಟೀ ಸೊಸೆ. ಗಂಡಸರು ಹೆಂಗಸರು ಒಂದೇ ಪಂಕ್ತೀಲಿ ಕೂತಿದ್ದಾರಲ್ಲ, ಹೋಗ್ಲಿ, ಹೋಟ್ಲು ಅಂದ್ಕೋ."

ನಾನು ನಕ್ಕೆ. ಅತ್ತೆ ನಗಲಿಲ್ಲ. ಮೊರವನ್ನು ಪಕ್ಕಕ್ಕೆ ಸರಿಸಿ ಕಣ್ಣು ಮುಚ್ಚಿದರು. ಅರ್ಧ ನಿಮಿಷವೂ ಆಗಿರಲಿಲ್ಲ.

"ಅಣ್ಣತಮ್ಮಂದಿರು ಮಧ್ಯದಲ್ಲೇ ಕೂರಬೇಕು ಕಣೇ. ಆ ಕಡೆ ಸರಿದರೂ ಈ ಕಡೆ ಸರಿದರೂ ಮಗಳು ಸೊಸೆ ಒಟ್ಟಿಗೆ ಬಂದುಬಿಡ್ತಾರೆ. ಯಜಮಾನನ ಪಕ್ಕ ಮಗಳು. ಆಮೇಲೆ ಚಿಕ್ಕಮಗ, ದೊಡ್ಡಮಗ, ಕೊನೇಲಿ ಸೊಸೆ. ಒಂದೇ ದಾರಿ."

ನಾನು ಬಾಯಿ ಬಿಟ್ಟುಕೊಂಡು ನೋಡಿದೆ. ಇಪ್ಪತ್ತು ನಿಮಿಷ ಹಾಳೆ ತುಂಬ ಗೀಚಿದರೂ ನನಗೆ ಹೊಳೆಯದ ವಿಷಯ, ಆ ಇಬ್ಬರು ಮಧ್ಯದಲ್ಲೇ ಇರಬೇಕು ಎನ್ನುವುದು, ಅವರಿಗೆ ಕಣ್ಣು ಮುಚ್ಚಿದರೆ ಕಂಡಿತ್ತು. ಖುಷಿಯಿಂದ ಪುಸ್ತಕದ ಹಿಂದೆ ಉತ್ತರ ನೋಡಿದೆ. ನಾಲ್ಕು ರೀತಿ ಅಂತ ಇತ್ತು.

"ಪುಸ್ತಕ ತಪ್ಪು," ಅಂದರು ಅತ್ತೆ.

ನಾನು ವಿವರಣೆ ಓದಿದೆ. ಪಿ ಪಕ್ಕ ಎಸ್ ಕೂರಬಹುದು, ಇಲ್ಲವೇ ಟಿ ಕೂರಬಹುದು. ಮಧ್ಯದ ಇಬ್ಬರು ಹೀಗೂ ಕೂರಬಹುದು, ಹಾಗೂ ಕೂರಬಹುದು. ಒಟ್ಟು ನಾಲ್ಕು.

"ಟೀ ಹೇಗೇ ಕೂರ್ತಾಳೆ ಅಲ್ಲಿ? ಮಾವನ ಪಕ್ಕ ಸೊಸೆ ಕೂರ್ತಾಳಾ? ಗಂಡನ್ನ ಬಿಟ್ಟು ಮೈದುನನ ಪಕ್ಕ ಕೂರ್ತಾಳಾ?"

"ಕೂರಬಾರದು ಅಂತ ಪ್ರಶ್ನೇಲಿ ಎಲ್ಲಿದೆ ಅತ್ತೆ?"

"ಅದನ್ನೂ ಬರೀಬೇಕೇನೇ?"

ಹೊಟ್ಟೆ ಹಿಡಿದುಕೊಂಡು ನಕ್ಕೆ. ಅತ್ತೆ ಮುಖ ಗಂಟು ಹಾಕಿಕೊಂಡು ಕಾಳು ಆರಿಸಲು ಶುರು ಮಾಡಿದರು. ಸ್ವಲ್ಪ ಹೊತ್ತಿನ ಮೇಲೆ ನನ್ನ ನಗೆಯೂ ನಿಂತಿತು. ಯಾಕೆಂದರೆ ಹಿಂದಿನ ವಾರ ನಾನು ತಪ್ಪು ಮಾಡಿದ ಪ್ರಶ್ನೆಗಳನ್ನು ತೆಗೆದು ನೋಡಿದರೆ ಅಲ್ಲೂ ಇದೇ ಕಥೆ. ಬಸ್ಸಿನಲ್ಲಿ ಆರು ಜನ ಕೂರುವ ಪ್ರಶ್ನೆಯಲ್ಲಿ ಹೆಂಗಸರನ್ನೆಲ್ಲ ಮುಂದೆ ಕೂರಿಸಿದ್ದೆ. ಭಾಷಣ ಮಾಡುವವರ ಸರದಿಯಲ್ಲಿ ಪ್ರೊಫೆಸರನ್ನು ಮೊದಲಿಗೆ, ವಿದ್ಯಾರ್ಥಿನಿಯನ್ನು ಕೊನೆಗೆ ಹಾಕಿದ್ದೆ. ಯಾರೂ ಹೇಳಿರಲಿಲ್ಲ. ಯಾವ ಷರತ್ತಿನಲ್ಲೂ ಇರಲಿಲ್ಲ. ಕೈ ತಾನಾಗಿ ಹಾಗೆ ಬರೆದಿತ್ತು. ನನಗೆ ಸಿಟ್ಟು ಬಂತು, ಪುಸ್ತಕದ ಮೇಲಲ್ಲ.

ಮಾರನೆಯ ದಿನ ಮಧ್ಯಾಹ್ನ ಅತ್ತೆಯೇ ಕರೆದರು. ಮುಂದೆ ನೆಲದ ಮೇಲೆ ಒಂದಿಷ್ಟು ಕಾಳು ಇಟ್ಟುಕೊಂಡಿದ್ದರು. ಒಂದು ಕಡಲೆ, ಒಂದು ಹೆಸರುಕಾಳು, ಒಂದು ಅಲಸಂದೆ, ಒಂದು ಹುರುಳಿ, ಒಂದು ಅವರೆ.

"ನಿನ್ನ ಪಿ, ಕ್ಯೂ ತಲೆಗೆ ಹೋಗಲ್ಲ. ಮಾವ ಸೊಸೆ ಅಂದ್ರೆ ಲೆಕ್ಕ ಕೆಡುತ್ತೆ. ಕಾಳಿಟ್ಟು ಮಾಡೋಣ. ಕಾಳಿಗೆ ಮಾನ ಮರ್ಯಾದೆ ಇಲ್ಲ, ಎಲ್ಲಿಟ್ಟರೂ ಕೂರುತ್ತೆ."

ಅಲ್ಲಿಂದ ಮುಂದೆ ನಾಲ್ಕು ತಿಂಗಳು ಆ ಅಡಿಗೆಮನೆಯ ನೆಲವೇ ನನ್ನ ಕೋಚಿಂಗ್ ಕ್ಲಾಸು. ಮಧ್ಯಾಹ್ನ ದೊಡ್ಡಪ್ಪ ಮಲಗಿದ ಮೇಲೆ ಎರಡು ಗಂಟೆ. ಗೈಡಿನ ಹಿಂದಿನ ಮಾಲೀಕಳು ಪೆನ್ಸಿಲಿನಲ್ಲಿ ತಪ್ಪು ಉತ್ತರ ಗುರುತು ಹಾಕಿದ್ದ ಕಡೆ ಅತ್ತೆಗೆ ವಿಶೇಷ ಆಸಕ್ತಿ. 'ಪಾಪ, ಇಲ್ಲೂ ಎಡವಿದ್ದಾಳೆ' ಅನ್ನುವರು. ಮೊದಲು ಜಾಗ ಕದಲದ ಕಾಳನ್ನು ಇಡು, ಆಮೇಲೆ ಜೋಡಿ ಬಿಡದ ಕಾಳು, ಜಗಳಗಂಟಿ ಕಾಳು ಕೊನೆಗೆ. ಇದು ಅವರ ಕ್ರಮ. ಗೈಡಿನಲ್ಲೂ ಇದನ್ನೇ ಎಂಟು ಪುಟ ಎಳೆದಿದ್ದರು. ಅತ್ತೆಗೆ ಅದು ಎಲ್ಲಿಂದ ಬಂತು ಅಂತ ನಾನು ಕೇಳಲೇ ಇಲ್ಲ, ಕಣ್ಣೆದುರಿಗೇ ಇತ್ತು. ಎರಡೇ ಒಲೆ. ದೊಡ್ಡಪ್ಪನ ಪೂಜೆ ಮುಗಿಯುವುದರೊಳಗೆ ಮಡಿಯ ಅಡಿಗೆ ಆಗಬೇಕು. ಅಪ್ಪನ ಹಳೇಬೀಡಿನ ಬಸ್ಸು ಅದಕ್ಕಿಂತ ಮುಂಚೆ, ಆದರೆ ದೇವರಿಗೆ ತೋರಿಸದೆ ಡಬ್ಬಿ ಕಟ್ಟುವ ಹಾಗಿಲ್ಲ. ಮಡಿಯಲ್ಲಿ ಇದ್ದಾಗ ನನ್ನನ್ನು ಮುಟ್ಟುವ ಹಾಗಿಲ್ಲ, ನನಗೆ ಜಡೆ ಹಾಕುವವರೂ ಅವರೇ. ಏಕಾದಶಿಯ ದಿನ ಇದೆಲ್ಲ ಬೇರೆ. ಇಪ್ಪತ್ತು ವರ್ಷ ದಿನಾ ಬೆಳಿಗ್ಗೆ ಇಂಥ ಪ್ರಶ್ನೆ ಬಿಡಿಸಿದ ಹೆಂಗಸಿಗೆ ಯಾರೂ ಅದು ಬುದ್ಧಿ ಅಂತ ಹೇಳಿರಲಿಲ್ಲ. ಅಡಿಗೆ ಚೆನ್ನಾಗಿದೆ ಅನ್ನುತ್ತಿದ್ದರು, ಅದೂ ಹಬ್ಬದಲ್ಲಿ.

ಮಾರ್ಚಿಗೆ ಹಾಲ್ ಟಿಕೆಟ್ ಬಂತು. ಪರೀಕ್ಷೆ ಮೇ ತಿಂಗಳ ಒಂದು ಭಾನುವಾರ, ಮಧ್ಯಾಹ್ನ ಎರಡಕ್ಕೆ, ಬೆಂಗಳೂರಿನಲ್ಲಿ. ದಿನಾಂಕವನ್ನು ಎರಡು ಸಲ ಓದಿದೆ. ಅದೇ ಭಾನುವಾರ ಅರಸೀಕೆರೆಯ ಛತ್ರದಲ್ಲಿ ದೊಡ್ಡಪ್ಪನ ಅರವತ್ತರ ಶಾಂತಿ. ಬೆಂಗಳೂರು, ಶಿವಮೊಗ್ಗ, ಹುಬ್ಬಳ್ಳಿಯ ನೆಂಟರಿಗೆಲ್ಲ ರೈಲಿಗೆ ಅನುಕೂಲ ಅಂತ ಆ ಊರನ್ನು ಆರಿಸಿ, ಛತ್ರಕ್ಕೆ ಮುಂಗಡ ಕೊಟ್ಟು, ಕಾಗದ ಅಚ್ಚು ಹಾಕಿಸಿ ಆಗಿತ್ತು.

ಅರಿಕೆ ಮಾಡಿಕೊಳ್ಳಲು ಕುರ್ಚಿಯ ಮುಂದೆ ನಿಂತೆ. ದೊಡ್ಡಪ್ಪ ಗದರಲಿಲ್ಲ. ಗದರಿದ್ದರೆ ಚೆನ್ನಾಗಿತ್ತು, ನಾನೂ ತಿರುಗಿ ಕೂಗಬಹುದಿತ್ತು. ಅವರು ಹಾಲ್ ಟಿಕೆಟನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ಕನ್ನಡಕ ತೆಗೆದು, ಬೆರಳು ಮಡಿಚುತ್ತಾ ಶುರು ಮಾಡಿದರು.

"ನಾನು ಬೇಡ ಅನ್ನೋದಿಲ್ಲ. ಬರಿ. ಆದರೆ ಒಂಟಿ ಹೆಣ್ಣುಮಗಳನ್ನ ಬೆಂಗಳೂರಿಗೆ ಕಳಿಸೋಕಾಗಲ್ಲ, ಜೊತೇಲಿ ಮನೆಯವರು ಒಬ್ಬರು ಬೇಕು. ಈಗ ನೋಡು. ನಾನು, ನಿನ್ನ ದೊಡ್ಡಮ್ಮ, ಇಬ್ಬರೂ ಮಣೆ ಬಿಟ್ಟು ಏಳೋ ಹಾಗಿಲ್ಲ. ಶಾಂತಿ ಮಾಡಿಸೋನು ನನ್ನ ಮಗ, ಅವನು ಅಲ್ಲೇ ಇರಬೇಕು. ಸೊಸೆ ಅಷ್ಟೊತ್ತಿಗೆ ಏಳು ತಿಂಗಳ ಬಸುರಿ, ಪ್ರಯಾಣ ಆಗಲ್ಲ. ನಿಮ್ಮಪ್ಪ ಒಬ್ಬನೇ ತಮ್ಮ ನನಗೆ, ಬಂದವರನ್ನ ನೋಡ್ಕೊಳ್ಳೋರು ಇನ್ಯಾರು? ನಿಮ್ಮಮ್ಮ ಆರತಿಗೆ ಬೇಕು. ಆರು ಜನ ಆಯ್ತಲ್ಲ? ನೀನು ಬುದ್ಧಿವಂತೆ. ನೀನೇ ಹೇಳು, ಯಾರು ಬರ್ತಾರೆ?"

ಇದಕ್ಕೇ ನನಗೆ ಅವರ ಮೇಲೆ ಕೋಪ. ಬೇಡ ಅಂತ ಹೇಳುವ ಧೈರ್ಯವನ್ನೂ ಅವರು ತಾವು ಇಟ್ಟುಕೊಳ್ಳಲಿಲ್ಲ, ನನ್ನ ಬಾಯಿಂದಲೇ ಬೇಡ ಅನ್ನಿಸಲು ನೋಡಿದರು. ಅಪ್ಪ ಕಂಬಕ್ಕೆ ಒರಗಿ ನೆಲ ನೋಡುತ್ತಿದ್ದರು. ನಾನು ಮನಸ್ಸಿನಲ್ಲೇ ಆರೂ ಜನರನ್ನು ಎಣಿಸಿದೆ, ಒಬ್ಬೊಬ್ಬರ ಷರತ್ತನ್ನೂ ತಿರುಗಿಸಿ ನೋಡಿದೆ. ಎಲ್ಲೂ ಸಂದಿ ಇರಲಿಲ್ಲ. "ಯಾರೂ ಇಲ್ಲ," ಅಂದೆ. ದೊಡ್ಡಪ್ಪ ಕನ್ನಡಕ ಹಾಕಿಕೊಂಡು ಪೇಪರ್ ಎತ್ತಿಕೊಂಡರು.

ಆ ಸಂಜೆ ಊಟ ಬಿಟ್ಟೆ, ಮಾರನೆಯ ದಿನವೂ ಬಿಟ್ಟೆ. ಗೈಡನ್ನು ಅಟ್ಟಕ್ಕೆ ಎಸೆದೆ. ಮಧ್ಯಾಹ್ನ ಅತ್ತೆ ಕರೆದರೆ ಹೋಗಲಿಲ್ಲ. ಮೂರನೆಯ ಸಲ ಅವರು ಕೂಗಿದ ಧಾಟಿಗೆ ಎದ್ದು ಹೋದೆ. ನೆಲದ ಮೇಲೆ ಕಾಳು ಸಾಲಾಗಿತ್ತು.

"ಕೂತ್ಕೋ. ಇದು ನಿನ್ನ ದೊಡ್ಡಪ್ಪ ಹಾಕಿದ ಪ್ರಶ್ನೆ. ಬಿಡಿಸು."

"ಬಿಡಿಸೋಕೆ ಏನಿದೆ ಅತ್ತೆ. ಆರಕ್ಕೆ ಆರೂ..."

"ಎಣಿಸು."

ಎಣಿಸಿದೆ. ಏಳು ಇದ್ದವು. ಆರು ಕಾಳಿನ ಪಕ್ಕದಲ್ಲಿ ಸ್ವಲ್ಪ ದೂರಕ್ಕೆ ಒಂದು ಹುರುಳಿಕಾಳು.

"ಇದು ಯಾರು?" ಅಂದೆ. ನಿಜವಾಗಿಯೂ ಕೇಳಿದೆ. ಆ ಪ್ರಶ್ನೆ ನನ್ನ ಬಾಯಿಂದ ಬಂದದ್ದಕ್ಕೆ ಇವತ್ತಿಗೂ ನಾಚಿಕೆಯಾಗುತ್ತದೆ. ದೊಡ್ಡಪ್ಪ ಎಣಿಸದೆ ಬಿಟ್ಟರು, ಸರಿ, ಅವರು ಯಾವತ್ತೂ ಎಣಿಸಿದವರಲ್ಲ. ನಾಲ್ಕು ತಿಂಗಳು ಅತ್ತೆಯ ಎದುರಿಗೇ ಕೂತು ಕಾಳು ಜೋಡಿಸಿದ ನಾನು? ಅಡಿಗೆಮನೆಯ ಬಾಗಿಲಲ್ಲಿ ನಿಂತು ಅವರು ಎಲ್ಲವನ್ನೂ ಕೇಳಿಸಿಕೊಂಡಿದ್ದರು. ನನ್ನ 'ಯಾರೂ ಇಲ್ಲ'ವನ್ನೂ.

ಅತ್ತೆ ಬೈಯಲಿಲ್ಲ. "ಶುಭಕಾರ್ಯ. ಮಂಟಪದ ಹತ್ತಿರ ನಾನು ಸುಳಿಯೋ ಹಾಗಿಲ್ಲ. ಆರತಿ ಎತ್ತೋ ಹಾಗಿಲ್ಲ, ಮುಂದೆ ಕೂರೋ ಹಾಗಿಲ್ಲ. ಅಲ್ಲಿ ಇರಲೇಬೇಕು ಅಂತ ಯಾವ ಷರತ್ತೂ ನನಗಿಲ್ಲ ಕಣೇ. ಇಡೀ ಮನೇಲಿ ಅವತ್ತು ಬಿಡುವಾಗಿರೋದು ನಾನೊಬ್ಬಳೇ," ಅಂದರು. ಅವರ ದನಿಯಲ್ಲಿ ದುಃಖ ಇತ್ತೇ ಎಂದು ಯಾರಾದರೂ ಕೇಳಿದರೆ, ಇರಲಿಲ್ಲ. ಲೆಕ್ಕ ಸರಿಹೋದಾಗ ಬರುವ ಗೆಲುವು ಇತ್ತು.

ನಾನು ಅತ್ತೆಯ ಕೈ ಹಿಡಿದುಕೊಂಡು ಅತ್ತುಬಿಟ್ಟೆ. ಅವರು ಬಿಡಿಸಿಕೊಂಡು, ಸೆರಗು ಸೊಂಟಕ್ಕೆ ಸಿಕ್ಕಿಸಿ, ನೇರವಾಗಿ ನಡುಮನೆಗೆ ನಡೆದರು. ಶಾಲೆಗೆ ರಜೆ, ಅಪ್ಪ, ಅಮ್ಮ ಇಬ್ಬರೂ ಅಲ್ಲೇ ಇದ್ದರು. ದೊಡ್ಡಪ್ಪ ಆಗತಾನೇ ಎದ್ದು ಕಾಫಿಗೆ ಕಾಯುತ್ತಾ ಕೂತಿದ್ದರು. ಕಾಫಿಯಿಲ್ಲದೆ ತಂಗಿ ಬಂದದ್ದು ನೋಡಿ ಹುಬ್ಬೇರಿಸಿದರು.

"ಅಣ್ಣಯ್ಯ, ಅವಳ ಜೊತೆ ನಾನು ಹೋಗ್ತೀನಿ."

"ಎಲ್ಲಿಗೆ?"

"ಬೆಂಗಳೂರಿಗೆ. ಪರೀಕ್ಷೆಗೆ."

"ನೀನಾ?" ದೊಡ್ಡಪ್ಪ ನಕ್ಕರು. ನಗು ಸಾಕಾಗದೆ ಹೋದಾಗ ಗಂಭೀರವಾದರು. "ಒಳ್ಳೆ ಕೆಲಸಕ್ಕೆ ಹೊರಟಿರೋ ಹುಡುಗಿ ಜೊತೆ ನೀನು... ಅಲ್ಲಮ್ಮ, ನಿನಗೇ ಗೊತ್ತಿಲ್ಲವಾ ಪದ್ಧತಿ? ಅದಿರಲಿ, ಅವತ್ತು ಉಗ್ರಾಣ ಯಾರು ನೋಡ್ಕೋತಾರೆ? ಇನ್ನೂರು ಜನದ ಊಟ. ನೀನಿಲ್ಲದೆ ಆಗುತ್ತಾ?"

ಇಂಥ ಸಮಾರಂಭಗಳಲ್ಲಿ ಅತ್ತೆಗೆ ಎಂದೂ ತಪ್ಪದ ಜಾಗ ಅದೊಂದೇ. ಛತ್ರದ ಹಿಂದಿನ ಕೋಣೆ, ಅಕ್ಕಿ ಬೇಳೆ ತುಪ್ಪದ ಡಬ್ಬಗಳ ನಡುವೆ, ಬೀಗದ ಕೈ ಸೊಂಟದಲ್ಲಿ. ಬಡಿಸುವವರು ಬಂದು ಕೇಳಿದ್ದನ್ನು ಅಳೆದು ಕೊಡುತ್ತಾ ದಿನವಿಡೀ ಅಲ್ಲೇ.

ಅತ್ತೆ ಕೂಗಾಡಲಿಲ್ಲ. ಕಡ್ಡಿ ತುಂಡು ಮಾಡಿದ ಹಾಗೆ ಹೇಳಿದರು. "ನಾನು ಬೇಕೋ ಬೇಡವೋ, ಒಂದು ಮಾತು ಹೇಳಿಬಿಡು ಅಣ್ಣಯ್ಯ. ಬೇಕು ಅಂದ್ರೆ ಮಂಟಪದ ಮುಂದೆ ಮೊದಲನೇ ಸಾಲಲ್ಲಿ ಕೂರ್ತೀನಿ, ನಿನ್ನ ಒಡಹುಟ್ಟಿದವಳು ನಾನು. ನಿನಗೆ ತಲೆ ಮೇಲೆ ನೀರು ಹಾಕೋವಾಗ ನಾನೂ ನೋಡ್ತೀನಿ. ಬೇಡ ಅಂದ್ರೆ ರೈಲಿಗೆ ಹೋಗ್ತೀನಿ. ಮುಂದೆ ಬೇಡ, ಹಿಂದೆ ಬೇಕು ಅನ್ನೋದು ಮಾತ್ರ ಇನ್ನು ಆಗಲ್ಲ."

ನಾನು ವಕೀಲಿ ಮಾಡುತ್ತಾ ಬಹಳ ವರ್ಷಗಳಾದವು, ದೊಡ್ಡ ದೊಡ್ಡವರ ವಾದ ಕೇಳಿದ್ದೇನೆ. ಎದುರಾಳಿಗೆ ಎರಡೇ ಬಾಗಿಲು ಬಿಟ್ಟು ಎರಡರಲ್ಲೂ ತಾನೇ ನಿಂತುಕೊಂಡವರನ್ನು ಅಷ್ಟು ಸಲೀಸಾಗಿ ಮತ್ತೆ ನೋಡಿಲ್ಲ. ದೊಡ್ಡಪ್ಪ ಅಪ್ಪನ ಕಡೆ ನೋಡಿದರು. ಅಪ್ಪ ಅಂದು ಮೊದಲ ಸಲ ಕಂಬ ಬಿಟ್ಟು ಮುಂದೆ ಬಂದು, "ಉಗ್ರಾಣ ನಾನು ನೋಡ್ಕೋತೀನಿ ಅಣ್ಣ," ಅಂದರು. ಅಮ್ಮ ಒಳಗೆ ಹೋಗಿ ತಾನೇ ಕಾಫಿ ತಂದಿಟ್ಟಳು.

"ಏನಾದರೂ ಮಾಡ್ಕೊಳ್ಳಿ," ಅಂದರು ದೊಡ್ಡಪ್ಪ. "ಅವಳಿಗೆ ಸೀಟು ಸಿಗದಿದ್ದರೆ ಆಮೇಲೆ ನನ್ನ ಕೇಳಬೇಡಿ."

ಶನಿವಾರ ನಾವೆಲ್ಲ ಹಳೇಬೀಡು, ಜಾವಗಲ್ ಮೇಲೆ ಬಸ್ಸಿನಲ್ಲಿ ಅರಸೀಕೆರೆಗೆ ಹೋದೆವು. ಭಾನುವಾರ ಬೆಳಿಗ್ಗೆ ಛತ್ರದಲ್ಲಿ ವಾದ್ಯದವರು ಶ್ರುತಿ ಹಿಡಿಯುತ್ತಿದ್ದಾಗ ನಾನು, ಅತ್ತೆ ಸ್ಟೇಷನ್ನಿಗೆ ನಡೆದೆವು. ಅಮ್ಮ ಪುಳಿಯೋಗರೆ ಕಟ್ಟಿಕೊಟ್ಟಿದ್ದಳು. ಬಾಗಿಲಲ್ಲಿ ಯಾರೋ ದೂರದ ನೆಂಟರು ನಮ್ಮಿಬ್ಬರನ್ನು ನೋಡಿ, ಮೊದಲು ಅತ್ತೆಯನ್ನು, ಆಮೇಲೆ ನನ್ನನ್ನು, ಮುಖ ತಿರುಗಿಸಿದರು. ನಾನು ಬೇಕೆಂದೇ ಅತ್ತೆಯನ್ನು ಮುಂದೆ ಬಿಟ್ಟುಕೊಂಡು ಹೊರಟೆ.

ಅತ್ತೆ ಕೊನೆಯ ಸಲ ರೈಲು ಹತ್ತಿದ್ದು ಮದುವೆಯಾದ ಹೊಸದರಲ್ಲಂತೆ. ಜನರಲ್ ಬೋಗಿಯಲ್ಲಿ ನಮ್ಮ ಎದುರು ಗಂಡಸಿ ಊರಿನ ಕಡೆಯ ಹೆಂಗಸೊಬ್ಬಳು ತೆಂಗಿನಕಾಯಿ ಚೀಲ ಕಾಲಡಿ ಇಟ್ಟುಕೊಂಡು ಕೂತಿದ್ದಳು.

"ಎಲ್ಲಿಗ್ ಹೊಂಟೀರವ್ವಾ?"

"ಪರೀಕ್ಷೆ ಬರೆಯೋಕೆ," ಅಂದರು ಅತ್ತೆ.

"ಇಬ್ರುದೂ ಐತಾ?"

ಅತ್ತೆ ಒಂದು ಗಳಿಗೆ ಯೋಚಿಸಿ, "ಹೂಂ, ಇಬ್ಬರದೂ," ಅಂದುಬಿಟ್ಟರು. ಆ ಹೆಂಗಸಿಗೆ ಅದರಲ್ಲಿ ಆಶ್ಚರ್ಯವೇನೂ ಕಾಣಲಿಲ್ಲ. ಚೆನ್ನಾಗಿ ಬರೀರಿ ಅಂತ ಹೇಳಿ ತಿಪಟೂರಿನಲ್ಲಿ ಇಳಿದುಹೋದಳು.

ಪರೀಕ್ಷೆಯ ಕೋಣೆಯಲ್ಲಿ ನನ್ನ ಸುತ್ತ ಕೂತ ಹುಡುಗಿಯರು ತಮ್ಮತಮ್ಮಲ್ಲೇ ಇಂಗ್ಲಿಷಿನಲ್ಲಿ ಮಾತಾಡಿಕೊಳ್ಳುತ್ತಿದ್ದರು. ತರ್ಕದ ಭಾಗಕ್ಕೆ ಬಂದಾಗ ಜಾಮಿಟ್ರಿ ಬಾಕ್ಸ್ ತೆಗೆದು ಏಳು ಕಾಳನ್ನು ಮೇಜಿನ ಮೇಲೆ ಇಟ್ಟುಕೊಂಡೆ. ಎರಡನೇ ಪ್ರಶ್ನೆ ಮುಗಿಸುವಷ್ಟರಲ್ಲಿ ಮೇಲ್ವಿಚಾರಕರು ಬಂದು ನಿಂತರು.

"ಏನಮ್ಮಾ ಇದು? ಇದನ್ನೆಲ್ಲ ಒಳಗೆ ತರಬಾರದು."

ಬೇರೆ ದಿನವಾಗಿದ್ದರೆ ಎತ್ತಿ ಒಳಗಿಡುತ್ತಿದ್ದೆ. ಅಂದು ಹಾಲ್ ಟಿಕೆಟ್ ತಿರುಗಿಸಿ ಹಿಂಬದಿ ತೋರಿಸಿದೆ. "ಕ್ಯಾಲ್ಕುಲೇಟರ್, ಪುಸ್ತಕ, ಬರೆದ ಹಾಳೆ, ಮೊಬೈಲ್ ಫೋನು ತರಬಾರದು ಅಂತ ಇದೆ ಸಾರ್. ಕಾಳು ತರಬಾರದು ಅಂತ ಎಲ್ಲಿದೆ?" ಅವರು ಆ ಪಟ್ಟಿಯನ್ನು ಪೂರ್ತಿ ಓದಿದರು. ಒಂದು ಕಾಳು ಎತ್ತಿ ಬೆಳಕಿಗೆ ಹಿಡಿದು ನೋಡಿ, ಅದನ್ನು ತಪ್ಪು ಜಾಗಕ್ಕೆ ಇಟ್ಟು ಮುಂದೆ ಹೋದರು. ಮತ್ತೆ ಮೊದಲಿಂದ ಜೋಡಿಸಬೇಕಾಯಿತು. ಆದರೂ ಆ ಭಾಗದಲ್ಲಿ ಒಂದನ್ನೂ ಬಿಡಲಿಲ್ಲ.

ಹೊರಗೆ ಬಂದಾಗ ಅತ್ತೆ ಗೇಟಿನ ಹತ್ತಿರ ಮರದ ನೆರಳಲ್ಲಿ ಬೇರೆ ಮಕ್ಕಳ ಅಪ್ಪ ಅಮ್ಮಂದಿರ ನಡುವೆ ಕೂತಿದ್ದರು. ಯಾರ ಮೈ ತಗುಲಿತು, ಯಾರು ಯಾವ ಜನ ಎಂಬ ಯೋಚನೆ ಇದ್ದ ಹಾಗೆ ಕಾಣಲಿಲ್ಲ. ಒಬ್ಬಾಕೆ ಅವರನ್ನು, ನಿಮ್ಮ ಮಗಳಿಗೆ ಯಾವ ಕೋಚಿಂಗ್ ಎಂದು ಕೇಳಿದ್ದಳಂತೆ. 'ಮನೇಲೇ, ನಾನೇ ಹೇಳಿಕೊಟ್ಟೆ' ಅಂದರಂತೆ ಅತ್ತೆ. ಮಗಳಲ್ಲ ಎಂದು ಅವರು ತಿದ್ದಲಿಲ್ಲ, ನಾನೂ ತಿದ್ದಲಿಲ್ಲ.

ಸೀಟು ಸಿಗಲಿಲ್ಲ. ಇದನ್ನು ಅಡಗಿಸಿ ಹೇಳುವುದರಲ್ಲಿ ಅರ್ಥವಿಲ್ಲ. ಕಾಳಿನ ಪ್ರಶ್ನೆಗಳಲ್ಲಿ ನಾನು ಗೆದ್ದೆ, ಇಂಗ್ಲಿಷಿನಲ್ಲಿ ಮುಳುಗಿದೆ. ಆ ಭಾಗದಲ್ಲಿ ಕೇಳಿದ್ದ ಪದಗಳಲ್ಲಿ ಅರ್ಧವನ್ನು ಅಲ್ಲಿಯತನಕ ನೋಡಿಯೇ ಇರಲಿಲ್ಲ. ಜೂನ್ ತಿಂಗಳಲ್ಲಿ ಕಾಗದ ಬಂತು. ಪೋಸ್ಟ್‌ಮ್ಯಾನ್ ಅದನ್ನು ದೊಡ್ಡಪ್ಪನ ಕೈಗೇ ಕೊಟ್ಟಿದ್ದ. ಅವರು ಎಲ್ಲರನ್ನೂ ನಡುಮನೆಗೆ ಕರೆಸಿ, ಕನ್ನಡಕ ಹಾಕಿಕೊಂಡು, ಇಂಗ್ಲಿಷಿನಲ್ಲೇ ಪೂರ್ತಿ ಓದಿ, ಆಮೇಲೆ ಕನ್ನಡದಲ್ಲಿ ಅರ್ಥ ಹೇಳಿದರು. ಹೇಳುವ ಅಗತ್ಯವಿರಲಿಲ್ಲ.

"ಬರೀಬೇಡ ಅಂತ ನಾನು ಅನ್ನಲಿಲ್ಲ. ಬರೆದಿದ್ದಾಯ್ತು, ನೋಡಿದ್ದಾಯ್ತು. ಇನ್ನು ಇಲ್ಲೇ ಕಾಲೇಜಿಗೆ ಸೇರಿ ಬಿ.ಎ. ಮಾಡಲಿ. ಅಷ್ಟರಲ್ಲಿ ಒಳ್ಳೆ ಕಡೆ ಸಂಬಂಧ ನೋಡೋಣ. ಆ ವಿಷಯ ಅಲ್ಲಿಗೆ ಮುಗೀತು."

ಬಾಗಿಲ ಹತ್ತಿರ ನಿಂತಿದ್ದ ಅತ್ತೆ ಒಳಗೆ ಬಂದರು. ದೊಡ್ಡಪ್ಪನ ಎದುರಿನ ಕುರ್ಚಿ ಖಾಲಿ ಇತ್ತು. ಅದರಲ್ಲಿ ಕೂತರು. ಆ ಮನೆಯಲ್ಲಿ ಅವರು ಕುರ್ಚಿಯ ಮೇಲೆ ಕೂತದ್ದನ್ನು ನಾನು ನೋಡಿದ್ದು ಅದೇ ಮೊದಲು.

"ಮುಗೀಲಿಲ್ಲ ಅಣ್ಣಯ್ಯ. ಮುಂದಿನ ವರ್ಷ ಮತ್ತೆ ಇದೆಯಂತೆ ಪರೀಕ್ಷೆ. ಈ ಸಲ ಕರ್ಕೊಂಡು ಹೋಗೋಕೆ ಯಾರೂ ಇಲ್ಲ ಅಂತ ನೀನು ಅಂದೆ. ಮುಂದಿನ ಸಲಕ್ಕೆ ಆ ಮಾತು ನಡೆಯಲ್ಲ. ನನಗೆ ದಾರಿ ಗೊತ್ತಾಗಿದೆ."

ದೊಡ್ಡಪ್ಪ ಕಾಗದವನ್ನು ಮಡಿಚಿದರು, ಬಿಚ್ಚಿದರು, ಮತ್ತೆ ಮಡಿಚಿದರು. ಅತ್ತೆ ಕಾಯಲಿಲ್ಲ. ನನ್ನ ಕಡೆ ತಿರುಗಿ, "ಇಂಗ್ಲಿಷ್ ಪುಸ್ತಕ ತಗೊಂಡು ಬಾರೇ, ಅದೇನಿದೆ ನೋಡೋಣ," ಅಂದರು.

ಮುಂದಿನ ಮೇ ತಿಂಗಳಲ್ಲಿ ನಾವಿಬ್ಬರೂ ಅರಸೀಕೆರೆಗೆ ಹೋಗಿ ರೈಲು ಹತ್ತಿದೆವು. ಯಾರನ್ನೂ ಕೇಳಲಿಲ್ಲ.